ಹಳದಿ ತಿರುಗಿದ ಕುಳಿ

ಬಸ್ಸು ಸಿಂಧನೂರಿನ ಸ್ಟ್ಯಾಂಡು ಬಿಟ್ಟು ಮಸ್ಕಿಯ ದಾರಿ ಹಿಡಿದು ಎಷ್ಟೋ ಹೊತ್ತಾದ ಮೇಲೂ ಅಂಬಿಕಾ ತನ್ನ ಬೆರಳುಗಳನ್ನು ಮೂಸಿ ನೋಡುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ತಲೆಗೆ ಎರೆದುಕೊಂಡು, ಏಳು ತಿಂಗಳ ಬಸುರಿ ಅಕ್ಕ ಸುರೇಖಾಳ ಕುಬಸಕ್ಕೆಂದು ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಆದರೂ ಬೆರಳ ಸಂದಿಯಲ್ಲಿ ಸ್ಪಿರಿಟ್ಟಿನ ವಾಸನೆ ಇತ್ತು, ಅಥವಾ ಇದೆಯೆಂದು ಅವಳಿಗೆ ಅನ್ನಿಸುತ್ತಿತ್ತು. ತೊಡೆಯ ಮೇಲಿನ ಚೀಲದಲ್ಲಿ ಹಸಿರು ಖಣ, ತೆಂಗಿನಕಾಯಿ, ಹಣ್ಣು. ಕಿಟಕಿಯಾಚೆ ಎರಡನೆಯ ಬೆಳೆ ಕೊಯ್ದು ಮುಗಿಸಿದ ಗದ್ದೆಗಳು ಬೋಳಾಗಿ ಬಿದ್ದಿದ್ದವು; ಕೆಲವು ಕಡೆ ಹುಲ್ಲಿಗೆ ಬೆಂಕಿ ಇಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಸಾಲಗುಂದದ ಹೆಂಗಸು ಚೀಲದೊಳಗೆ ಇಣುಕಿ ನೋಡಿ ಮಾತು ತೆಗೆದಳು.

"ಕುಬಸಕ್ಕ ಹೊಂಟೀಯೇನವ್ವ?"

"ಹೂನ್ರಿ. ನಮ್ಮಕ್ಕಂದು."

"ಛಲೋ ಆತು. ನೀ ಏನ್ ಮಾಡ್ತೀ, ಸಾಲಿ ಟೀಚರೇನು?"

"ಅಲ್ರಿ. ಬ್ಲಡ್ ಬ್ಯಾಂಕಿನ್ಯಾಗ ಅದೀನಿ. ಮಂದಿ ಕೊಟ್ಟ ರಕ್ತ ತಪಾಸ್ ಮಾಡ್ತೀನಿ."

"ಅಯ್ಯ! ದಿನಾ ಮಂದಿ ರಕ್ತ ಮುಟ್ತೀಯಾ?" ಹೆಂಗಸು ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಳು. ಎಳೆದುಕೊಂಡದ್ದು ಕಾಣಬಾರದೆಂದು ಅದರಿಂದಲೇ ಮುಖ ಒರೆಸಿಕೊಂಡಳು. "ಅಲ್ಲಾ, ಎಲ್ಲಾ ರಕ್ತ ಕೆಂಪಗೇ ಇರತೈತಿ. ಯಾವುದು ಕೆಟ್ಟೈತಿ, ಯಾವುದು ಛಲೋ ಐತಿ, ಹ್ಯಾಂಗ ಗೊತ್ತಾಗತೈತಿ?"

"ಮಶೀನ್ ಐತ್ರಿ," ಎಂದು ಅಂಬಿಕಾ ಕಿಟಕಿಯ ಕಡೆ ತಿರುಗಿದಳು.

ಮಶೀನು ಇದ್ದದ್ದು ನಿಜ. ಅಂಗೈಯಷ್ಟಗಲದ ಒಂದು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಪಗಡೆಹಾಸಿನ ಹಾಗೆ ಸಾಲುಸಾಲು ಸಣ್ಣ ಕುಳಿಗಳು. ಒಂದೊಂದು ಕುಳಿಗೆ ಒಬ್ಬೊಬ್ಬರ ರಕ್ತದ ತಿಳಿನೀರು. ಅದರ ಮೇಲೆ ಒಂದಾದ ಮೇಲೊಂದು ದ್ರಾವಣ ಬಿಟ್ಟು ತೊಳೆದು, ಕೊನೆಯ ಹನಿ ಹಾಕಿದಾಗ ಒಳ್ಳೆಯ ರಕ್ತದ ಕುಳಿ ನೀರಿನಂತೆ ಸುಮ್ಮನಿರುತ್ತದೆ, ಸೋಂಕಿದ್ದದ್ದು ಹಳದಿಯಾಗುತ್ತದೆ. ಮಶೀನು ಆ ಹಳದಿ ಎಷ್ಟು ಗಾಢವೆಂದು ಅಳೆಯುತ್ತದೆ, ಅಷ್ಟೇ. ಅಂಬಿಕಾಳಿಗೆ ಮಶೀನು ಬೇಕಾಗಿರಲಿಲ್ಲ. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಮಸ್ಕಿಯ ಭವನದಲ್ಲಿ ಕ್ಯಾಂಪು ಮಾಡಿ ತಂದ ರಕ್ತವನ್ನು ಮರುದಿನ ತಪಾಸಣೆಗೆ ಹಚ್ಚಿದ್ದಳು. ಮೊದಲ ಕುಳಿಯೇ ಹಳದಿ ತಿರುಗಿತು. ಹನಿ ಹೆಚ್ಚಾಗಿರಬೇಕೆಂದು ಮತ್ತೆ ಹಾಕಿದಳು. ಮತ್ತೆ ಹಳದಿ. ಮತ್ತೂ ಒಮ್ಮೆ. ಕುಳಿಗೆ ಹೆಸರಿರುವುದಿಲ್ಲ, ಬರೀ ನಂಬರು. ಆದರೆ ಮೊದಲ ನಂಬರು ಯಾರದೆಂದು ನೋಡಿ ತಿಳಿಯಬೇಕಾಗಿರಲಿಲ್ಲ. ಮಸ್ಕಿಯ ಕ್ಯಾಂಪಿನಲ್ಲಿ ಬಿಳಿ ಅಂಗಿಯ ತೋಳು ಮಡಚಿ, ಬಾಬಾಸಾಹೇಬರ ಫೋಟೋಕ್ಕೆ ಹೂವು ಹಾಕಿ, ಯಾರನ್ನೂ ಮುಂದೆ ಬಿಡದೆ ಮೊದಲು ಬಂದು ಮಲಗುವವನು ಯಾವಾಗಲೂ ಮಲ್ಲೇಶಮಾವನೇ.

ಮಲ್ಲೇಶ ಅವಳ ಅವ್ವನ ಕೊನೆಯ ತಮ್ಮ, ಸೋದರಮಾವ. ಈಗ ಅಕ್ಕನ ಗಂಡ. ಭತ್ತ ಕೊಯ್ಯುವ ಮಶೀನು ನಡೆಸುತ್ತಾನೆ. ಅಂಬಿಕಾ ಮೊಟ್ಟಮೊದಲು ಸೂಜಿ ಚುಚ್ಚಿದ್ದು ಅವನ ತೋಳಿಗೆ. ಲ್ಯಾಬ್ ಕೋರ್ಸಿನ ಮೊದಲ ವರ್ಷದ ರಜೆಯಲ್ಲಿ ಅವಳು ಹಿಟ್ಟಿನ ಮುದ್ದೆಗೆ ಸೂಜಿ ಚುಚ್ಚಿ ಕಲಿಯುತ್ತ ಕೂತಿದ್ದನ್ನು ನೋಡಿ, "ಹಿಟ್ಟಿಗೆ ನೋವಾದ್ರ ಅದು ಹೇಳತೈತೇನಲೇ? ನನಗ ಚುಚ್ಚು," ಎಂದು ತೋಳು ಚಾಚಿದ್ದ. ಮೊದಲ ಸಲ ನರ ಸಿಗಲಿಲ್ಲ, ಎರಡನೆಯ ಸಲವೂ ಸಿಗಲಿಲ್ಲ. ಅವನು ಹಲ್ಲು ಕಚ್ಚಿಕೊಂಡೇ, "ಅಕ್ಕನ್ನ ಕಟ್ಟಿಕೊಂಡೆ ಅಂತ ಸಿಟ್ಟು ತೀರಸಾಕತ್ತಾಳ ನೋಡ್ರಿ," ಎಂದು ಮನೆಯವರನ್ನೆಲ್ಲ ನಗಿಸಿದ. ಇಂದಿಗೂ ಕಣ್ಣು ಮುಚ್ಚಿ ಅವನ ಮೊಣಕೈಯ ಮಡಿಕೆ ಮುಟ್ಟಿದರೆ ನರ ಎಲ್ಲಿ ತಿರುಗುತ್ತದೆಂದು ಅವಳ ಹೆಬ್ಬೆರಳಿಗೆ ಗೊತ್ತು. ಅವಳಿಗೆ ಕೆಲಸ ಸಿಕ್ಕ ಮೇಲೆ, "ನಮ್ಮ ಅಂಬಿ ದವಾಖಾನಿ" ಎಂದು ಊರ ಹುಡುಗರನ್ನೆಲ್ಲ ಎಳೆದು ತಂದು ರಕ್ತ ಕೊಡಿಸಿದವನೂ ಅವನೇ.

ಬಸ್ಸು ಒಂದು ಹಳ್ಳದ ಸೇತುವೆಯ ಮೇಲೆ ನಿಧಾನವಾಯಿತು. ಹಳ್ಳದಲ್ಲಿ ನೀರಿರಲಿಲ್ಲ. ಮೂರು ದಿನದ ಹಿಂದೆ ಬ್ಲಡ್ ಬ್ಯಾಂಕಿನ ಡಾಕ್ಟರ್ ಬಸವಲಿಂಗ ಅವರು ಕೈ ತೊಳೆಯುತ್ತ, ನಲ್ಲಿಯ ನೀರಿನ ಸದ್ದಿನಲ್ಲೇ ಮಾತಾಡಿದ್ದರು. ಅವರು ಮುಖ ನೋಡಿ ಮಾತಾಡುವವರಲ್ಲ. "ಕೌನ್ಸೆಲರ್ ಪೋಸ್ಟ್ ಖಾಲಿ ಐತಿ. ನೀನೇ ಕರ್ಕೊಂಡ್ ಬರಬೇಕು. ಇದು ಮೊದಲನೇ ತಪಾಸು ಅಷ್ಟ. ಸರ್ಕಾರಿ ದವಾಖಾನಿಯಾಗ ಇನ್ನೊಮ್ಮೆ ಮಾಡಿದ ಮ್ಯಾಲೆ ಖಾತ್ರಿ. ಅವರು ತಾವಾಗಿ ಬರೋತನಕ ಯಾರಿಗೂ ಬಾಯಿ ಬಿಡಂಗಿಲ್ಲ. ಹೆಣ್ತಿಗೂ."

"ಹೆಣ್ತಿ ನಮ್ಮಕ್ಕರಿ. ಏಳು ತಿಂಗಳು."

ನಲ್ಲಿ ನಿಂತಿತು. "ಹಂಗಾದ್ರ ಜಲ್ದಿ ಕರ್ಕೊಂಡ್ ಬಾ. ಅವ ಬಂದ್ರ ಆಕಿನ್ನೂ ಕರಸಬಹುದು. ಆಕಿಗೂ ತಗಲಿದ್ರ ಈಗಿಂದನ ಗುಳಿಗಿ ಶುರು ಮಾಡಿ ಕೂಸಿಗೆ ಬರದಂಗ ನೋಡ್ಕೋಬಹುದು. ಹೆರಿಗಿ ಆದಮ್ಯಾಲೆ ಗೊತ್ತಾದ್ರ ಏನೈತಿ?" ಟವೆಲಿನಲ್ಲಿ ಬೆರಳು ಬೆರಳೂ ಒರೆಸಿಕೊಂಡರು. "ಇವ ಡಿಸೆಂಬರಿನ್ಯಾಗೂ ಕೊಟ್ಟಿದ್ದನಲ್ಲ?"

"ಹೂನ್ರಿ. ಆವಾಗ ತಪಾಸಿನ್ಯಾಗ ಪಾಸಾಗಿತ್ತು."

"ಪಾಸಾಗತೈತಿ. ಹೊಸದಾಗಿ ಹತ್ತಿದ್ದು ಮೊದಲ ಕೆಲವು ವಾರ ನಮ್ಮ ಕೈಗೆ ಸಿಗಂಗಿಲ್ಲ. ಅದಕ್ಕ ಬಾಯಿಲೆ ಕೇಳೂದು. ಆ ರಕ್ತ ಎಲ್ಲಿ ಹೋತು?"

"ಲಿಂಗಸುಗೂರಿಗೆ ಹೋತ್ರಿ. ಒಬ್ಬ ಬಾಣಂತಿಗೆ."

"ಇವಂದು ಖಾತ್ರಿ ಆತು ಅಂದ್ರ ಆಕಿನ್ನ ಹುಡುಕಬೇಕು. ಕ್ಯಾಂಪಿನ್ಯಾಗ ಪ್ರಶ್ನಿ ಕೇಳಿದವರು ಯಾರು ಅಂತ ಆವಾಗ ಬಂದ ಬರತೈತಿ." ಮೊದಲ ಸಲ ಮುಖ ನೋಡಿದರು. "ನೀನೇ ಅಲ್ಲ? ಕೇಳೀದಿಲ್ಲೋ?"

"ಕೇಳೀನ್ರಿ."

ಅದು ಸುಳ್ಳಾಗಿರಲಿಲ್ಲ. ಕೇಳಿದ ರೀತಿಯನ್ನು ಮಾತ್ರ ಹೇಳಲಿಲ್ಲ. ಡಿಸೆಂಬರ್ ಆರರಂದು, ಬಾಬಾಸಾಹೇಬರ ಪುಣ್ಯತಿಥಿಯ ಕ್ಯಾಂಪಿನ ಬೆಳಿಗ್ಗೆ, ಭವನದ ವರಾಂಡದಲ್ಲಿ ಗಂಡಸರ ಸಾಲು ಗೇಟಿನವರೆಗೆ ನಿಂತಿತ್ತು, ಅರ್ಧ ಮಂದಿ ಅವಳಿಗೆ ಕಾಕಾ, ಅಣ್ಣ, ಮಾವ ಆಗುವವರು. ಕಾಮಾಲೆ ಆಗಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಆಪರೇಷನ್ ಆಗಿತ್ತೇ ಎನ್ನುವವರೆಗೆ ತಲೆಯೆತ್ತಿಯೇ ಕೇಳಿದಳು. ಆಮೇಲಿನದನ್ನು ಅವಳು ತಲೆ ತಗ್ಗಿಸಿ, ಪಠ್ಯಪುಸ್ತಕ ಓದುವ ಹುಡುಗಿಯ ದನಿಯಲ್ಲಿ, ಯಾರಿಗೂ ಅರ್ಥವಾಗಬಾರದೆನ್ನುವ ಹಾಗೆ ಓದಿದಳು: ಇತ್ತೀಚಿನ ತಿಂಗಳುಗಳಲ್ಲಿ ಪತ್ನಿಯ ಹೊರತು ಅನ್ಯರೊಂದಿಗೆ ದೈಹಿಕ ಸಂಪರ್ಕ ಹೊಂದಿರುವಿರಾ? ಮೇಜಿನ ಮುಂದೆ ಕೂತಿದ್ದ ಮಲ್ಲೇಶಮಾವ ಅವಳ ಕೈಯ ಫಾರ್ಮಿನ ಕಡೆ ನೋಡಿದ. ಆಮೇಲೆ ಕುರ್ಚಿಗೆ ಒರಗಿ, ಸಾಲಿಗೆಲ್ಲ ಕೇಳುವ ಹಾಗೆ, "ಹೂನವ್ವ, ಹೋಗೀನಿ! ತೆಲುಗು ಸೀಮಿಯಾಗ ಮಶೀನ್ ಒಯ್ದಿದ್ದೆ ಅಲ್ಲ, ಅಲ್ಲೊಬ್ಬಾಕಿ ಅದಾಳ. ಮುಂದಿನ ಸಲ ನಿನ್ನನ್ನೂ ಕರ್ಕೊಂಡ್ ಹೋಗ್ತೀನಿ, ತೋರಸ್ತೀನಿ, ಬರ್ತಿಯೇನು?" ಎಂದ. ಸಾಲು ಹೋ ಎಂದು ನಕ್ಕಿತು. ಹಿಂದಿನಿಂದ ಯಾರೋ, "ಬರ್ಕೋ ಅಂಬಕ್ಕ, ದೊಡ್ಡ ಅಕ್ಷರದಾಗ ಬರ್ಕೋ!" ಎಂದರು. ಅವಳ ಕಿವಿ ಕಾದು ಕೆಂಪಾದವು. ಸೋದರಮಾವ ಸೊಸೆಗೆ ಏನು ಬೇಕಾದರೂ ಅನ್ನಬಹುದು. ನಿನ್ನನ್ನೇ ಎರಡನೆಯವಳಾಗಿ ಕಟ್ಟಿಕೊಳ್ಳುತ್ತೇನೆ, ನಿನ್ನ ಮೂಗು ನಮ್ಮ ಎಮ್ಮೆಯ ಮೂಗಿನಂತಿದೆ, ರಾತ್ರಿ ಕನಸಿನಲ್ಲಿ ಬಂದಿದ್ದೆ. ಹುಟ್ಟಿದಾಗಿನಿಂದ ಅವನು ಅವಳೊಂದಿಗೆ ಆಡಿದ ಮಾತಿನಲ್ಲಿ ನಿಜವೆಂದು ಹಿಡಿಯಬೇಕಾದ ಮಾತು ಒಂದೂ ಇರಲಿಲ್ಲ. ಅವಳು "ಥೂ, ಹೋಗ ಮಾವ," ಎಂದು "ಇಲ್ಲ" ಎಂಬಲ್ಲಿ ಗೆರೆ ಎಳೆದಳು.

ಏಪ್ರಿಲಿನಲ್ಲಿ ಅಷ್ಟೂ ಮಾಡಲಿಲ್ಲ. ಅವನು ಬಂದು ಕೂತ ಕೂಡಲೆ ತೂಕ, ಬಿಪಿ ನೋಡಿ, "ಹೋಗು, ಮಲಗು," ಎಂದಳು. ಅವನು ಏಳಲಿಲ್ಲ. "ಈ ಸಲ ಏನೂ ಕೇಳಂಗಿಲ್ಲೇನು?" ಎಂದ. ನಗುತ್ತಲೇ ಅಂದಿದ್ದ. "ಲೈನ್ ಐತಿ ಮಾವ, ಏಳು," ಎಂದಿದ್ದಳು. ಅವನು ಕುರ್ಚಿಯ ಕೈ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತಿದ್ದನೆಂದು ಈಗ ಅನ್ನಿಸುತ್ತದೆ. ಕೂತಿದ್ದನೋ, ಅಥವಾ ಈ ಬಸ್ಸಿನಲ್ಲಿ ಅವಳೇ ಅವನನ್ನು ಅಲ್ಲಿ ಕೂರಿಸುತ್ತಿದ್ದಾಳೋ.

ಅವಳು ನಿಜವಾಗಿ ಹೆದರುತ್ತಿದ್ದದ್ದು ಯಾವುದಕ್ಕೆ? ಈ ಪ್ರಶ್ನೆಯನ್ನು ಮೂರು ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಕೇಳಿಕೊಂಡಿದ್ದಳು. ಉತ್ತರ ಗೊತ್ತಿದ್ದೇ ಕೇಳಿಕೊಳ್ಳುತ್ತಿದ್ದಳು. ಮಾವ ಬಂದರೆ ಅಕ್ಕನಿಗೆ ಗುಳಿಗೆ ಸಿಗುತ್ತದೆ, ಕೂಸು ಉಳಿಯುತ್ತದೆ. ಮಾವ ಬಂದರೆ ಲಿಂಗಸುಗೂರಿನ ಬಾಣಂತಿಯನ್ನು ಹುಡುಕಲು ಶುರುಮಾಡುತ್ತಾರೆ. ಹುಡುಕಿದರೆ, ಕ್ಯಾಂಪಿನ ಮೇಜಿನ ಹಿಂದೆ ಕೂತು ಪ್ರಶ್ನೆ ಓದಿದವಳೂ ಸಿಗುತ್ತಾಳೆ. ಮಾವ ಬರದಿದ್ದರೆ ಯಾರೂ ಸಿಗುವುದಿಲ್ಲ.

ಆ ಬಾಣಂತಿಯ ಹೆಸರು ಅಖ್ತರಬೇಗಂ. ಹೆಸರು ಹೇಳಿದ್ದು ಅವಳ ಗಂಡ ಲಾಲ್‌ಸಾಬ್. ಡಿಸೆಂಬರಿನ ಒಂದು ಮಧ್ಯಾಹ್ನ ಲಿಂಗಸುಗೂರಿನಿಂದ ಬೈಕಿನ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ಬಂದಿದ್ದ. ರಕ್ತದ ಚೀಲ ಕೈಗೆ ಕೊಟ್ಟಾಗ ಅದು ತಣ್ಣಗಿರುವುದನ್ನು ಮುಟ್ಟಿ ಗಾಬರಿಯಾಗಿ, "ಇಷ್ಟ ತಣ್ಣಗಿದ್ದದ್ದು ಒಳಗ ಹೋದ್ರ ಆಕಿ ಹ್ಯಾಂಗ ತಡೀತಾಳ್ರೀ ಬಾಯಿ?" ಎಂದಿದ್ದ. ಸಂಕ್ರಾಂತಿ ಆದಮೇಲೆ ಮತ್ತೆ ಬಂದ. ಪ್ಲಾಸ್ಟಿಕ್ ಚೀಲದ ತುಂಬ ಬಾರಿಹಣ್ಣು. "ನಮ್ಮಾಕಿ ಉಳದಳ್ರೀ. ಕೂಸು ಆರಾಮ ಐತಿ. ಯಾರ ರಕ್ತ ಅಂತ ನನಗೇನು ಗೊತ್ತು, ಕೊಟ್ಟ ಕೈ ನಿಮ್ದು." ಅವಳು ಗೆಳತಿಯರೊಂದಿಗೆ ಆ ಹಣ್ಣು ತಿಂದು ಬೀಜಗಳನ್ನು ಕಿಟಕಿಯಾಚೆ ಉಗುಳಿದ್ದಳು. ಹುಳಿಸಿಹಿ, ಒಳ್ಳೆಯ ಹಣ್ಣು.

"ಮಸ್ಕಿ ಬಂತ್ರಿ, ಮಸ್ಕಿ!"

ಗುಡ್ಡದ ಬುಡದ ಓಣಿಯಲ್ಲಿ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಅಜ್ಜಿ ಗಾಳೆಮ್ಮ, ಮಲ್ಲೇಶನ ತಾಯಿ, ಬಾಗಿಲಲ್ಲೇ ಕೂತು ಬಂದವರನ್ನು ಎಣಿಸುವವಳಂತೆ ನೋಡುತ್ತಿದ್ದಳು. "ಬಾರವ್ವ ಡಾಕ್ಟ್ರಬಾಯಿ. ಊಟದ ಹೊತ್ತಿಗೆ ಬರೂದು ಕಲ್ತೀಯಲ್ಲ, ಅಷ್ಟರಮಟ್ಟಿಗೆ ಓದು ಛಲೋ ಆಗೈತಿ," ಎಂದಳು. ಒಳಗೆ ಹೋಳಿಗೆಯ ವಾಸನೆ, ಹೆಂಗಸರ ಗದ್ದಲ. ಸುರೇಖಾ ಒಳಕೋಣೆಯಲ್ಲಿ ಹಸಿರು ಸೀರೆ ಅರ್ಧ ಉಟ್ಟುಕೊಂಡು ನಿಂತಿದ್ದಳು. "ಎಲ್ಲಿ ಸತ್ತಿದ್ದೀ? ನಿರಿಗಿ ಹಿಡಿ ಬಾ, ನನಗ ಕೆಳಗ ಕಾಣವಲ್ದು," ಎಂದಳು. ಅಂಬಿಕಾ ಮೊಣಕಾಲೂರಿ ನಿರಿಗೆ ಹಿಡಿದಳು. ಅಕ್ಕನ ಹೊಟ್ಟೆ ಅವಳ ಮುಖದ ಮುಂದೆಯೇ ಇತ್ತು. ಚರ್ಮ ಬಿಗಿದು ಹೊಕ್ಕುಳು ಮೇಲೆದ್ದಿತ್ತು. ಒಳಗಿನಿಂದ ಏನೋ ಸರಿದಂತಾಗಿ ಹೊಟ್ಟೆಯ ಒಂದು ಬದಿ ಉಬ್ಬಿ ಇಳಿಯಿತು.

"ನೋಡ್ದೇನು? ನಿನ್ನ ದನಿ ಕೇಳಿ ಒದ್ದಿತು. ಚಿಕ್ಕವ್ವನ ಕಂಡ್ರ ಆಗಂಗಿಲ್ಲ ಅದಕ್ಕ."

"ಅಕ್ಕ, ಇನ್ನೊಮ್ಮೆ ರಕ್ತ ತಪಾಸ್ ಮಾಡಸ್ಕೋ. ನಮ್ಮಲ್ಲೇ ಬಾ ನಾಳೆ."

"ಮೂರನೇ ತಿಂಗಳಾಗ ಎಲ್ಲಾ ಮಾಡ್ಯಾರಲ್ಲ. ಎಲ್ಲಾ ಛಲೋ ಐತಿ ಅಂದಾರ."

"ಆವಾಗ ಮಾಡಿದ್ದು ಆವಾಗಿಂದು. ಈಗ—"

"ಈಗ ಏನಾಗೈತಿ? ನನ್ನ ಮಾರಿ ಬೆಳ್ಳಗಾಗೈತೇನು?" ಸುರೇಖಾ ಕನ್ನಡಿಯಲ್ಲಿ ನೋಡಿಕೊಂಡು ಕೆನ್ನೆ ಹಿಂಡಿಕೊಂಡಳು. "ಸೂಜಿ ಅಂದ್ರ ನನಗ ಆಗಂಗಿಲ್ಲ ಅಂತ ಗೊತ್ತೈತಿ. ನಿಮ್ಮ ಮಾವಗ ಚುಚ್ಚು ಹೋಗು, ಅವಗ ಅದರಾಗೇ ಸುಖ."

ನಿರಿಗೆ ಸಿಕ್ಕಿಸಿ ಎದ್ದಳು. ಇದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಹೇಳುವಂತಿಲ್ಲವೆಂಬುದು ತನಗೆ ಹಿತವಾಗಿರುವುದು ಅವಳ ಗಮನಕ್ಕೆ ಬಂತು. ಬಂದದ್ದನ್ನು ಬದಿಗೆ ಸರಿಸಿದಳು.

ಮಾವ ಹಿತ್ತಲಲ್ಲಿದ್ದ. ಬೇವಿನ ಮರದ ಕೆಳಗೆ ಭತ್ತ ಕೊಯ್ಯುವ ಮಶೀನು ನಿಂತಿತ್ತು, ಹಲ್ಲುಗಳಲ್ಲಿ ಇನ್ನೂ ಹುಲ್ಲು ಸಿಕ್ಕಿಕೊಂಡಿತ್ತು. ಅವನು ಬಿಳಿ ಅಂಗಿಯ ಗುಂಡಿ ಹಾಕುತ್ತ, ಬಕೆಟ್ಟಿನ ನೀರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದ.

"ಮಾವ, ಮಾತಾಡೂದೈತಿ."

"ಮಾತಾಡೂದೇನೈತಿ, ಓಡಿ ಹೋಗೂನು ನಡಿ. ಮಶೀನಿಗೆ ಡೀಸೆಲ್ ಹಾಕಸೀನಿ."

"ಮಾವ, ಖರೇ ಹೇಳಾಕತ್ತೀನಿ. ನಗಬ್ಯಾಡ."

"ನೀ ಖರೇ ಹೇಳೂವಾಗೇ ನಗಿ ಬರತೈತಲೇ ನನಗ. ಸಣ್ಣಾಕಿ ಇದ್ದಾಗಿಂದ ಹಂಗೇ."

"ನಿನ್ನ ರಕ್ತದಾಗ ಒಂದು ಬಂದೈತಿ. ಖಾತ್ರಿ ಅಲ್ಲ. ನಾಳೆ ಸಿಂಧನೂರಿಗೆ ಬಾ, ಇನ್ನೊಮ್ಮೆ ತಪಾಸ್ ಮಾಡ್ತಾರ."

"ಏನ್ ಬಂದೈತಿ? ಸಕ್ರಿ ಬೇಮಾರಿಯೇನು? ನಮ್ಮಪ್ಪಗೂ ಇತ್ತು ಬಿಡು."

"ಸಕ್ರಿ ಅಲ್ಲ."

ಬಾಚಣಿಗೆ ನಿಂತಿತು. ಅವಳು ಇಂಗ್ಲಿಷಿನ ಆ ಮೂರು ಅಕ್ಷರಗಳನ್ನು ಹೇಳಿದಳು. ಕ್ಯಾಂಪಿನಲ್ಲಿ ಓದಿದ ಅದೇ ದನಿಯಲ್ಲಿ, ತಲೆ ತಗ್ಗಿಸಿಯೇ. ಹೇಳಿದ ಮೇಲೆ, ಇದು ಬರೀ ಮೊದಲ ತಪಾಸು, ಕೆಲವು ಸಲ ತಪ್ಪೂ ಬರುತ್ತದೆ, ಬಂದರೂ ಈಗ ಗುಳಿಗೆ ಇದೆ, ಗುಳಿಗೆ ನುಂಗಿ ಎಲ್ಲರಂತೆ ಬದುಕುತ್ತಾರೆ ಎಂದು ಒಂದೇ ಉಸಿರಿನಲ್ಲಿ ಒದರಿದಳು. ಒಳಗೆ ಹೆಂಗಸರು ಹಾಡು ಶುರುಮಾಡಿದ್ದರು. ಮಾವ ತನ್ನ ಮೊಣಕೈಯ ಮಡಿಕೆಯನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಜಯಂತಿಯ ದಿನ ಅವಳೇ ಚುಚ್ಚಿದ ಸೂಜಿಯ ಕಲೆ ಇನ್ನೂ ಸ್ವಲ್ಪ ನೀಲಿಯಾಗಿತ್ತು.

"ನಾ ನಿನಗ ಹೇಳಿದ್ನಲ್ಲ," ಎಂದ.

"ಏನು?"

"ಆವಾಗ. ಡಿಸೆಂಬರಿನ್ಯಾಗ. ನೀ ಕೇಳ್ದಿ, ನಾ ಹೇಳ್ದೆ."

"ನಗಚಾಟಿಕಿ ಮಾಡಾಕತ್ತಿ ಅನ್ಕೊಂಡೆ ಮಾವ."

"ಅಷ್ಟು ಮಂದಿ ಮುಂದ, ನಿನ್ನ ಮುಂದ, ಬ್ಯಾರೆ ಹ್ಯಾಂಗ ಹೇಳಬೇಕಾಗಿತ್ತು ನಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದವನಂತೆ ಅವಳ ಮುಖ ನೋಡಿದ. ಅವಳ ಇಪ್ಪತ್ತಾರು ವರ್ಷಗಳಲ್ಲಿ ಮಾವ ಅವಳ ಮುಂದೆ ನಗದೆ ಮಾತಾಡಿದ್ದು ಇದೇ ಮೊದಲು. ಆ ಮುಖ ಅವಳಿಗೆ ಪರಿಚಯವಿರಲಿಲ್ಲ. ಬಾಯಿಯ ಇಕ್ಕೆಲದ ಗೆರೆಗಳು ನಗುವಿಗೆಂದೇ ಆದವು, ಈಗ ಖಾಲಿಯಾಗಿ ಜೋತುಬಿದ್ದಿದ್ದವು. ಬೇಗ ನಕ್ಕುಬಿಡಲಿ ಎಂದು ಅವಳಿಗೆ ಅನ್ನಿಸಿತು.

"ಆವಾಗ ಕೊಟ್ಟಿದ್ದು," ಅವನು ಬಾಚಣಿಗೆಯನ್ನು ಜೇಬಿಗೆ ಸಿಕ್ಕಿಸಿದ. "ಅದನ್ನ ಯಾರಿಗರ ಹಾಕ್ಯಾರೇನು?"

"ಗೊತ್ತಿಲ್ಲ ಮಾವ."

"ಚೆಲ್ಲಿರಬೇಕು."

"ಚೆಲ್ಲಿರಬಹುದು."

ಇಬ್ಬರೂ ಮಶೀನಿನ ಹಲ್ಲಿನ ಕಡೆ ನೋಡಿದರು. "ಅಕ್ಕಗೂ ತಪಾಸ್ ಆಗಬೇಕು ಮಾವ. ಕೂಸಿನ ಸಲುವಾಗಿ. ನೀ ಬಂದ್ರ ಆಕಿನ್ನ ಕರಸ್ತಾರ. ನೀ ಬರದ ನಾ ಆಕಿಗೆ ಏನೂ ಹೇಳಂಗಿಲ್ಲ. ನಾಳೆ ಬರ್ತಿಯಲ್ಲ?"

ಅವನು ಕೈಯೆತ್ತಿ ಸಾಕೆಂದ. ಅಷ್ಟರಲ್ಲಿ ಒಳಗಿನಿಂದ ಗಾಳೆಮ್ಮನ ದನಿ ಕೇಳಿತು. "ಏ ಮಲ್ಯಾ, ಹೆಂಗಸ್ರು ಕಾದಾರ, ಬಾರೋ! ಹೆಣ್ತಿ ಹೆಸರು ಹೇಳಾಕ ಇಷ್ಟ ನಾಚಿಕಿಯೇನೋ?" ಅವನು ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿ ಮುಖಕ್ಕೆ ಸವರಿಕೊಂಡ. ಸವರಿಕೊಂಡು ಎದ್ದಾಗ ಗೆರೆಗಳು ತಮ್ಮ ಜಾಗಕ್ಕೆ ಮರಳಿದ್ದವು.

ನಡುಮನೆಯಲ್ಲಿ ಸುರೇಖಾಳನ್ನು ಮಣೆಯ ಮೇಲೆ ಕೂರಿಸಿ ಕೆನ್ನೆಗೆ ಅರಿಶಿನ ಹಚ್ಚಿದ್ದರು. ಉಡಿ ತುಂಬಿ, ಆರತಿ ಎತ್ತಿ, ಈಗ ಗಂಡ ಒಡಪಿನಲ್ಲಿ ಹೆಂಡತಿಯ ಹೆಸರು ಕೂಡಿಸಿ ಹೇಳದ ಹೊರತು ಊಟಕ್ಕೆ ಏಳುವುದಿಲ್ಲವೆಂದು ಹೆಂಗಸರು ಪಟ್ಟು ಹಿಡಿದಿದ್ದರು. ಮಲ್ಲೇಶ ನಾಚಿದವನಂತೆ ತಲೆ ಕೆರೆದುಕೊಂಡು, ಕೆಮ್ಮಿ, ಒಡಪು ಹಾಕಿದ.

"ಗದ್ದ್ಯಾಗ ಭತ್ತ, ಭತ್ತದಾಗ ಅಕ್ಕಿ, ಸುರೇಖಾ ನನ್ನ ಮನ್ಯಾಗಿನ ಚಿಕ್ಕಿ!"

ಹೆಂಗಸರು ಕೂಗಿದರು. "ಹಳೇದು, ಹಳೇದು! ಮದುವಿಯಾಗೂ ಇದನ್ನೇ ಹೇಳಿದ್ದಿ!"

"ಹೊಸಾದು ಬೇಕೇನು? ತಡೀರಿ." ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅಂಬಿಕಾಳತ್ತ ಕೈ ತೋರಿಸಿದ. "ಹೊಸಾದು ಈಕಿ ತಂದಾಳ ನೋಡ್ರಿ, ಸಿಂಧನೂರಿಂದ. ಈಗ ಹಿತ್ತಲದಾಗ ಕರದು ಹೇಳಿದ್ಲು. ನನ್ನ ರಕ್ತ ಕೆಟ್ಟೈತಂತ!"

ಗಾಳೆಮ್ಮ ಕಣ್ಣು ಕಿರಿದು ಮಾಡಿ ಮಗನನ್ನು ನೋಡಿದಳು. ಅಂಬಿಕಾಳ ಬೆರಳುಗಳು ಚೌಕಟ್ಟನ್ನು ಹಿಡಿದುಕೊಂಡವು.

"ಕೆಡಲಾರದ ಏನು ಮಾಡತೈತ್ರಿ?" ಮಲ್ಲೇಶ ಎದೆ ಬಡಿದುಕೊಂಡ. "ಸಣ್ಣಾಕಿ ಸೂಜೀಲೆ ಜಗ್ಗತಾಳ, ದೊಡ್ಡಾಕಿ ಸೂಜಿ ಇಲ್ದ ಕುಡೀತಾಳ! ಒಬ್ಬನ ಮೈಯಾಗ ಎಷ್ಟಂತ ಇರಬೇಕು? ಕೆಟ್ಟೈತಂತ, ನಾಳೆ ಬಾ ಅಂತ, ಉಳದಿದ್ದನ್ನೂ ತಗೋತಾಳಂತ!"

ಮನೆಯೇ ಬಿದ್ದುಹೋಗುವಂತೆ ನಕ್ಕರು. ಗಾಳೆಮ್ಮ ಹಲ್ಲಿಲ್ಲದ ಬಾಯಿ ತೆರೆದು ನೆಲ ಬಡಿದಳು. ಸುರೇಖಾ ಅರಿಶಿನದ ಕೆನ್ನೆಗಳ ಮೇಲೆ ಕಣ್ಣೀರು ಇಳಿಯುವಷ್ಟು ನಕ್ಕು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಸಾಕು ಮಾಡ್ರೀ, ಕೂಸು ಹೊರಗ ಬಂದೀತು! ಏ ಅಂಬಿ, ಕೆಟ್ಟಿದ್ದೇ ಇರಲಿ ತಗೊಂಡು ಹೋಗಲೇ, ನನಗ ಸಾಕಾಗೈತಿ ಈ ಮನಷಾ!" ಎಂದಳು. ಮಾವನೂ ನಗುತ್ತಿದ್ದ. ನಗುತ್ತಲೇ ಅಂಬಿಕಾಳನ್ನು ನೋಡುತ್ತಿದ್ದ. ಬಾಯಿ ಮಾತ್ರ ನಗುತ್ತಿತ್ತು; ಕಣ್ಣು ಅವಳ ಮುಖಕ್ಕೆ ಅಂಟಿಕೊಂಡು ಕಾಯುತ್ತಿತ್ತು. ಎಲ್ಲರೂ ನಕ್ಕಿದ್ದಾರೆ, ಇನ್ನು ನೀನೊಬ್ಬಳು.

ಈಗ ಹೇಳಬಹುದಿತ್ತು. ನಗಬೇಡಿ, ಇದು ನಿಜ ಎಂದರೆ ಸಾಕಿತ್ತು. ನಿಯಮ ಮುರಿಯುತ್ತಿತ್ತು, ಮುರಿಯಲಿ. ಅಕ್ಕ ಎದ್ದು ನಿಲ್ಲುತ್ತಿದ್ದಳು, ಗಾಳೆಮ್ಮ ಚೀರುತ್ತಿದ್ದಳು, ಓಣಿಯೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು, ಮತ್ತು ನಾಳೆ ಹೇಗೋ ಇಬ್ಬರೂ ಬಸ್ಸು ಹತ್ತುತ್ತಿದ್ದರು. ಅವಳು ಬಾಯಿ ತೆರೆದಳು. ತೆರೆದ ಬಾಯಿಯಿಂದ ಬಂದದ್ದು ನಗು. ಮೊದಲು ಅದು ತನ್ನದಲ್ಲವೆಂದು ಅವಳಿಗೆ ಅನ್ನಿಸಿತು. ಆಮೇಲೆ ನಿಲ್ಲಿಸಲು ನೋಡಿದರೆ ನಿಲ್ಲಲಿಲ್ಲ. ಹೊಟ್ಟೆಯ ಆಳದಿಂದ, ಮೂರು ದಿನದಿಂದ ಬಿಗಿದುಕೊಂಡಿದ್ದದ್ದೆಲ್ಲ ಸಡಿಲಾಗಿ ಬರುತ್ತಿತ್ತು, ಮೈ ಹಗುರಾಗುತ್ತಿತ್ತು. ಅವನು ಬರುವುದಿಲ್ಲ. ಬರದಿದ್ದರೆ ಯಾರೂ ಏನನ್ನೂ ಕೇಳುವುದಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೂ ನಕ್ಕಳು. ನಟನೆಯಾಗಿದ್ದರೆ ಕ್ಷಮಿಸಿಕೊಳ್ಳಬಹುದಿತ್ತು. ಅದು ನಟನೆಯಾಗಿರಲಿಲ್ಲ.

ಊಟದಲ್ಲಿ ಬೇಡವೆಂದರೂ ಮಾವ ತಾನೇ ಬಂದು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದ. ಅವಳು ಅದನ್ನೂ ತಿಂದಳು. ಹೋಳಿಗೆ ಚೆನ್ನಾಗಿತ್ತು. ಊಟವಾದ ಮೇಲೆ ಬಳೆಗಾರ್ತಿ ಸುರೇಖಾಳ ಕೈತುಂಬ ಹಸಿರು ಬಳೆ ಇಡಿಸಿ, "ತಂಗಿಗೂ ಇಡ್ತೀನಿ, ಮುಂದಿನ ವರ್ಷ ಆಕಿದೂ ಆಗಲಿ," ಎಂದು ಅಂಬಿಕಾಳ ಕೈ ಎಳೆದುಕೊಂಡಳು. ಅವಳ ಅಳತೆಯ ಬಳೆ ಮುಗಿದಿದ್ದವು. ಸೋಪು ಹಚ್ಚಿ, ಅಂಗೈ ಹಿಂಡಿ ಸಣ್ಣವನ್ನೇ ಏರಿಸಿದಳು. ಸುರೇಖಾ ಬಾಗಿಲವರೆಗೆ ಬಂದು ಬುತ್ತಿ ಕೊಟ್ಟಳು. "ಕೂಸು ಆದಾಗ ರಜಾ ಹಾಕಿ ಬರಬೇಕು. ನೀ ಇದ್ರ ನನಗ ಧೈರ್ಯ," ಎಂದಳು.

"ಬರ್ತೀನಿ ಬೇ," ಎಂದಳು ಅಂಬಿಕಾ.

ಬಸ್‌ಸ್ಟ್ಯಾಂಡಿನಲ್ಲಿ ಫೋನು ಬಂತು. ಡಾಕ್ಟರ್ ಬಸವಲಿಂಗ.

"ಮಾತಾಡ್ದೇನು?"

"ಹೂನ್ರಿ ಸರ್."

"ಏನಂದ?"

"ಬರ್ತೀನಿ ಅಂದಾರ್ರಿ."

"ಯಾವಾಗ?"

"ಹೇಳಿಲ್ರಿ."

"ಆತು. ಬಂದಾಗ ನೋಡೂನು," ಎಂದರು. ಹುಡುಕಾಟ ಶುರುವಾಗಿದ್ದರೆ ಬ್ಲಡ್ ಬ್ಯಾಂಕಿನ ಹೆಸರೂ ಬರುತ್ತಿತ್ತು; ಅವರ ಕಡೆಯಲ್ಲೂ ಏನೋ ಸಡಿಲಾದಂತೆ ಕೇಳಿಸಿತು.

ಬಿಸಿಲಿಗೆ ಎರಡು ಬಸ್ಸು ನಿಂತಿದ್ದವು. ಒಂದು ಸಿಂಧನೂರಿಗೆ, ಇನ್ನೊಂದು ಲಿಂಗಸುಗೂರಿಗೆ. ಲಿಂಗಸುಗೂರಿನದು ಆಗಲೇ ಶುರುವಾಗಿ ನಡುಗುತ್ತಿತ್ತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ಲಿಂಗಸ್ಗೂರ, ಲಿಂಗಸ್ಗೂರ, ಲಿಂಗಸ್ಗೂರ!" ಎಂದು ಕೂಗುತ್ತಿದ್ದವನು ಅವಳು ತನ್ನನ್ನೇ ನೋಡುತ್ತ ನಿಂತಿದ್ದು ಕಂಡು, "ಬರ್ತೀರೇನ್ರೀ ಅಕ್ಕಾರ? ಸೀಟ್ ಖಾಲಿ ಅದಾವ," ಎಂದ. ಲಿಂಗಸುಗೂರಿನಲ್ಲಿ ಇಳಿದು ಲಾಲ್‌ಸಾಬನ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಖ್ತರಬೇಗಂ ಕೂಸಿಗೆ ಹಾಲು ಕುಡಿಸುತ್ತ ಕೂತಿರುತ್ತಾಳೆ. ಬನ್ನಿ, ಕೂಡ್ರಿ, ಚಾ ಕುಡೀರಿ ಎನ್ನುತ್ತಾಳೆ.

ಅಂಬಿಕಾ ಇಲ್ಲವೆಂದು ತಲೆಯಾಡಿಸಿದಳು. ಕಂಡಕ್ಟರ್ ಸೀಟಿ ಊದಿದ.

ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯ ಪ್ರತಿ ತಗ್ಗಿಗೂ ಬಳೆಗಳು ಸದ್ದು ಮಾಡಿದವು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾಳೆ ಕೈಗವಸು ಹಾಕುವ ಮೊದಲು ಇವನ್ನು ತೆಗೆಯಬೇಕು. ಒಂದನ್ನು ಹಿಡಿದು ಎಳೆದು ನೋಡಿದಳು. ಅಂಗೈಯ ಗಂಟಿನವರೆಗೆ ಬಂದು ನಿಂತಿತು. ಎಳೆದ ಕಡೆ ಚರ್ಮ ಕೆಂಪಾಯಿತು. ಸದ್ದಾಗದಂತೆ ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಒತ್ತಿ ಹಿಡಿದುಕೊಂಡು ಅವಳು ಸಿಂಧನೂರಿನವರೆಗೆ ಹಾಗೆಯೇ ಕೂತಿದ್ದಳು.